ಅಡ್ಡ ನಿಲ್ಲುವ ಕೆಲಸ

ನಾನು ಕೈಮುಗಿದರೆ ಒಂಬತ್ತು ಬೆರಳು ಮಾತ್ರ ಎದುರಿನವರಿಗೆ ನಮಸ್ಕಾರ ಹೇಳುತ್ತವೆ. ಎಡಗೈಯ ಕಿರುಬೆರಳು ಅರ್ಧಕ್ಕೇ ಹೊರಳಿಕೊಂಡು ಪಕ್ಕದಲ್ಲಿ ನಿಂತವರ ಕಡೆ ತೋರಿಸುತ್ತದೆ. ಹೋದ ಯುಗಾದಿಗೆ ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್‌ನ ಶಾಲೆಯೊಂದರ ಊಟದ ಹಾಲಿನಲ್ಲಿ ನಮ್ಮ ಕನ್ನಡದವರೆಲ್ಲ ಸೇರಿದ್ದಾಗ, ಹೊಸದಾಗಿ ಪರಿಚಯವಾದ ಆಂಟಿಯೊಬ್ಬರಿಗೆ ಕೈಮುಗಿದೆ. ಅವರು ನನ್ನ ಬೆರಳು ತೋರಿಸಿದ ದಿಕ್ಕಿಗೆ ತಿರುಗಿ, ಅಲ್ಲಿ ಹೋಳಿಗೆ ಬಡಿಸುತ್ತಿದ್ದವರಿಗೆ ತಾವೂ ಒಂದು ನಮಸ್ಕಾರ ಹಾಕಿದರು. ಆಮೇಲೆ ತಪ್ಪು ಗೊತ್ತಾಗಿ ನಕ್ಕರು.

"ಯಾಕಪ್ಪಾ, ಬೆರಳು ಕಾರ್ ಡೋರಿಗೆ ಸಿಕ್ಕಿತ್ತಾ?"

"ಇಲ್ಲ ಆಂಟಿ, ಕೆಲಸದಲ್ಲಿ ಆಗಿದ್ದು."

"ಏನ್ ಕೆಲಸ? ಐಟಿ ತಾನೆ?"

"ಈಗ ಹೈಸ್ಕೂಲಲ್ಲಿ ಮ್ಯಾತ್ಸ್ ಹೇಳ್ಕೊಡ್ತೀನಿ. ಮೊದಲು ಕೆನಡಾದಲ್ಲಿ ಫುಟ್‌ಬಾಲ್ ಆಡ್ತಿದ್ದೆ."

ಆಂಟಿ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ನಾನು ಆರಡಿ ಐದಿಂಚು ಇದ್ದೇನೆ. "ಫುಟ್‌ಬಾಲ್ ಅಂದ್ರೆ ಕಾಲಲ್ಲಿ ಒದೆಯೋದಲ್ವಾ? ಕೈಗೆ ಹೇಗಪ್ಪಾ ಏಟಾಗುತ್ತೆ?"

ಸರಿಯಾದ ಪ್ರಶ್ನೆಯೇ. ಆದರೆ ಅಷ್ಟರಲ್ಲಿ ಅವರ ತಟ್ಟೆಗೆ ಹೋಳಿಗೆ ಬಿತ್ತು, ಹೋಳಿಗೆಯ ಮೇಲೆ ತುಪ್ಪ ಬಿತ್ತು, ನನ್ನ ಉತ್ತರ ಅಲ್ಲೇ ಉಳಿಯಿತು. ಅದನ್ನು ನಿಮಗೆ ಹೇಳುತ್ತೇನೆ.

ಮೊದಲು ಒಂದು ಮಾತು. ನಾನು ಕೆನಡಾದಲ್ಲಿ ಏಳು ವರ್ಷ ಆಡಿದೆ, ಚೆನ್ನಾಗಿಯೇ ಆಡಿದೆ. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಏಕೆಂದರೆ ನನ್ನ ಜಾಗದಲ್ಲಿ ಆಡುವವನ ಪರವಾಗಿ ಬೇರೆ ಯಾರೂ ಹೇಳುವುದಿಲ್ಲ. ಈ ಆಟದಲ್ಲಿ ಚೆಂಡು ಎಸೆಯುವವನಿಗೆ ಕ್ವಾರ್ಟರ್‌ಬ್ಯಾಕ್ ಅನ್ನುತ್ತಾರೆ. ಪೋಸ್ಟರಿನಲ್ಲಿ ಇರುವವನು, ಹುಡುಗಿಯರು ಕಿರುಚುವುದು ಯಾರನ್ನು ನೋಡಿಯೋ ಅವನು. ಯಾರಿಗೆ ಎಸೆಯಲಿ ಎಂದು ಅವನು ದೂರ ನೋಡುತ್ತ ನಿಂತ ಮೂರು ಸೆಕೆಂಡಿನಲ್ಲಿ ಎದುರು ತಂಡದವರು ಅವನನ್ನು ಕೆಡವಲು ನುಗ್ಗುತ್ತಾರೆ. ಅವರಿಗೆ ಅಡ್ಡ ನಿಲ್ಲುವುದಕ್ಕೆಂದೇ ಸಾಲಾಗಿ ಐದು ಜನ ದಢೂತಿಗಳಿರುತ್ತಾರೆ. ಆ ಸಾಲಿನ ಎಡತುದಿಯವನು ನಾನು. ಬಲಗೈಯಲ್ಲಿ ಎಸೆಯುವವನ ಬೆನ್ನು ಎಡಕ್ಕೆ ಇರುತ್ತದೆ, ಅಂದರೆ ಅವನಿಗೆ ಕಾಣದ ಕಡೆ ನನ್ನದು. ತಳ್ಳಬಹುದು, ಹಿಡಿದುಕೊಳ್ಳುವಂತಿಲ್ಲ. ಏಳು ವರ್ಷದಲ್ಲಿ ಆಟದ ನಡುವೆ ಚೆಂಡನ್ನು ಮುಟ್ಟಿದ್ದು ಎರಡು ಸಲ. ಎರಡು ಸಲವೂ ಅದು ಇನ್ಯಾರದೋ ಕೈಜಾರಿ ನನ್ನ ಹೊಟ್ಟೆಯ ಕೆಳಗೆ ಬಂದು ಸೇರಿಕೊಂಡಿತ್ತು.

ಅಮೆರಿಕದ ಆಟಕ್ಕೂ ಕೆನಡಾದ ಆಟಕ್ಕೂ ದಾಯಾದಿ ಸಂಬಂಧ. ಕೆನಡಾದಲ್ಲಿ ಮೈದಾನ ದೊಡ್ಡದು, ಮುಂದೆ ಸಾಗಲು ಸಿಗುವ ಅವಕಾಶ ಕಡಿಮೆ, ಎದುರಾಳಿ ಒಂದು ಗಜ ದೂರ ನಿಲ್ಲಬೇಕು. ದೂರವಿದ್ದರೆ ಒಳ್ಳೆಯದಲ್ಲವೇ ಎಂದು ನಿಮಗನ್ನಿಸಬಹುದು. ಆ ಒಂದು ಗಜದಲ್ಲಿ ಅವನಿಗೆ ಓಟ ಹತ್ತುತ್ತದೆ.

ಇದನ್ನೆಲ್ಲ ಕನ್ನಡದಲ್ಲಿ ವಿವರಿಸುವುದನ್ನು ನಾನು ಕಲಿತದ್ದು ಅಜ್ಜಿಯಿಂದ. ನನ್ನ ಒಂಬತ್ತನೆಯ ವಯಸ್ಸಿನಲ್ಲಿ ನಾವು ಮೈಸೂರು ಬಿಟ್ಟು ನ್ಯೂಜೆರ್ಸಿಗೆ ಬಂದೆವು. ಭಾಷೆ ಮರೆತುಹೋದೀತೆಂದು ಅಮ್ಮ ಪ್ರತಿ ಭಾನುವಾರ ನನ್ನನ್ನು ಊಟದ ಮೇಜಿಗೆ ಕೂರಿಸಿ ಅಜ್ಜಿಗೆ ಒಂದು ಪುಟ ಕಾಗದ ಬರೆಸುತ್ತಿದ್ದಳು. ಒತ್ತಕ್ಷರ ತಪ್ಪಿದರೆ ಪುಟ ಹರಿದು ಇನ್ನೊಂದು. ಕೆನಡಾದಿಂದಲೂ ಆ ಅಭ್ಯಾಸ ಮುಂದುವರಿಸಿದೆ. ‘ನನ್ನ ಕೆಲಸ ಅಡ್ಡ ನಿಲ್ಲುವುದು ಅಜ್ಜಿ’ ಎಂದು ಬರೆದಾಗ ಅಜ್ಜಿಯ ಮಾರುತ್ತರ ಬಂತು: ‘ಅಡ್ಡ ನಿಲ್ಲುವುದಕ್ಕೂ ಸಂಬಳವೇ? ನಿಮ್ಮ ತಾತ ಜೀವಮಾನವಿಡೀ ಅಡುಗೆಮನೆ ಬಾಗಿಲಲ್ಲಿ ಅಡ್ಡ ನಿಂತಿದ್ದರು. ಅವರಿಗೆ ಯಾರೂ ಏನೂ ಕೊಡಲಿಲ್ಲ.’

ತಾತನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಮೈಸೂರಿನವನು ಎಂದ ಕೂಡಲೇ ಎಲ್ಲರೂ ‘ನಿಮ್ಮ ತಾತ ಪೈಲ್ವಾನರಾ?’ ಎಂದು ಕೇಳುತ್ತಾರೆ. ಇಲ್ಲ. ತಾತ ಅಂಚೆ ಕಚೇರಿಯ ಗುಮಾಸ್ತರು, ಗಾಳಿ ಜೋರಾಗಿ ಬೀಸಿದರೆ ಕೊಡೆಯ ಜೊತೆ ತಾವೂ ಎರಡು ಹೆಜ್ಜೆ ಹೋಗುತ್ತಿದ್ದರಂತೆ. ನನ್ನ ಎತ್ತರ ಅಮ್ಮನದು. ಅಮ್ಮ ಐದಡಿ ಹತ್ತಿಂಚು, ಅಪ್ಪ ಐದಡಿ ಐದಿಂಚು. ಮದುವೆಯ ಫೋಟೋದಲ್ಲಿ ಅಮ್ಮ ಕೂತಿದ್ದಾಳೆ, ಅಪ್ಪ ನಿಂತಿದ್ದಾರೆ, ಆದರೂ ಫೋಟೋಗ್ರಾಫರ್ ಪಟ್ಟ ಕಷ್ಟ ಎದ್ದು ಕಾಣುತ್ತದೆ. ಹುಡುಗಿಯಾಗಿದ್ದಾಗಿನಿಂದ ಭುಜ ಮುದುಡಿಕೊಂಡು ನಡೆದು ನಡೆದು ಅಮ್ಮನಿಗೆ ಬಗ್ಗುವುದೇ ಅಭ್ಯಾಸವಾಗಿತ್ತು. ನಾನೂ ಅವಳನ್ನು ನೋಡಿ ಹಾಗೇ ನಡೆಯುತ್ತಿದ್ದೆ.

ಹೈಸ್ಕೂಲು ಸೇರಿದ ವರ್ಷ, ಒಂದು ಚಳಿಗಾಲದ ಮಧ್ಯಾಹ್ನ ನನ್ನನ್ನು ಶಾಲೆಯಿಂದ ಕರೆದುಕೊಂಡು ಹೋಗಲು ಬಂದ ಅಮ್ಮನ ಮಿನಿವ್ಯಾನ್ ಪಾರ್ಕಿಂಗ್ ಲಾಟಿನ ಹಿಮದಲ್ಲಿ ಹೂತುಕೊಂಡಿತು. ನಾನು ಹಿಂದೆ ಹೋಗಿ ತಳ್ಳಿದೆ. ಅಮ್ಮ ಕಿಟಕಿಯಿಂದ ತಲೆ ಹೊರಹಾಕಿ "ನಿಧಾನ ಕಣೋ, ಬೆನ್ನು ಬೆನ್ನು!" ಎಂದು ಕೂಗುತ್ತಿದ್ದಳು. ವ್ಯಾನು ಹೊರಬಂತು. ಅಲ್ಲೇ ನಿಂತು ನೋಡುತ್ತಿದ್ದ ದಪ್ಪ ಮೀಸೆಯವನೊಬ್ಬ ಅಮ್ಮನ ಬಳಿ ಬಂದು, "ಈ ಹುಡುಗ ನಿಮ್ಮವನಾ?" ಎಂದು ಕೇಳಿದ. ದೂರು ಹೇಳಲು ಬಂದಿದ್ದಾನೆ ಎಂದುಕೊಂಡು ಅಮ್ಮ "ಸಾರಿ ಸಾರಿ, ಈಗಲೇ ಹೊರಟ್ವಿ" ಅಂದಳು. ಅವನು ಶಾಲೆಯ ಫುಟ್‌ಬಾಲ್ ಕೋಚ್.

ಅಪ್ಪನಿಗೆ ಇಷ್ಟವಿರಲಿಲ್ಲ. ಅವರು ಪ್ರಿನ್ಸ್‌ಟನ್ ಬಳಿಯ ಔಷಧ ಕಂಪನಿಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಮಿಸ್ಟ್, ಯಾವುದು ಎಲ್ಲಿ ಕೆಡಬಹುದು ಎಂದು ಯೋಚಿಸುವುದೇ ಅವರ ವೃತ್ತಿ. "ಮಂಡಿ ಹೋದ್ರೆ? ತಲೆಗೆ ಪೆಟ್ಟಾದ್ರೆ? ಎಕ್ಸಾಮ್ ಯಾರು ಬರೀತಾರೆ?" ಎಂದು ಒಂದೊಂದೇ ಕೇಳಿದರು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಪ್ಪಿಗೆಯ ಫಾರಮ್ಮಿಗೆ ಸಹಿ ಹಾಕಿದಳು. "ಅಲ್ಲಿ ಇವನಷ್ಟೇ ದೊಡ್ಡ ಹುಡುಗರು ಇರ್ತಾರಂತೆ. ಇವನು ನೆಟ್ಟಗೆ ನಿಂತ್ಕೊಳ್ಳೋದನ್ನ ಕಲೀಲಿ" ಅಂದಳು. ಮೊದಲ ವಾರ ಅಭ್ಯಾಸ ಮುಗಿಸಿ ಬಂದು ನಾನು ಹೇಳಿದೆ: "ಅಮ್ಮ, ಕೋಚ್ ದಿನವಿಡೀ ಹೇಳೋದು ಒಂದೇ ಮಾತು. ಗೆಟ್ ಲೋ, ಬಗ್ಗು, ಬಗ್ಗು."

"ಅಯ್ಯೋ, ಅದಕ್ಕೆ ಅಲ್ಲೀತನಕ ಯಾಕೆ ಹೋದೆ?" ಅಂದಳು ಅಮ್ಮ. "ನಾನೇ ಹೇಳ್ಕೊಡ್ತಿದ್ದೆನಲ್ಲೋ."

ಹೈಸ್ಕೂಲಿನಲ್ಲಿ ಆಡಿದೆ, ನ್ಯೂಜೆರ್ಸಿಯದೇ ಒಂದು ಕಾಲೇಜಿನಲ್ಲಿ ಗಣಿತ ಓದುತ್ತ ಆಡಿದೆ. ಅಮೆರಿಕದ ದೊಡ್ಡ ತಂಡಗಳು ಯಾವುವೂ ನನ್ನನ್ನು ಕೇಳಲಿಲ್ಲ. ಕೆನಡಾದ ಬಯಲುಸೀಮೆಯ ಒಂದು ತಂಡ ತರಬೇತಿ ಶಿಬಿರಕ್ಕೆ ಕರೆಯಿತು. ಅಲ್ಲಿ ಒಂದು ನಿಯಮ: ತಂಡದಲ್ಲಿ ಇಷ್ಟು ಮಂದಿ ಸ್ವದೇಶಿಗಳು ಇರಲೇಬೇಕು. ಅಡ್ಡ ನಿಲ್ಲುವ ಐದು ಜಾಗಗಳನ್ನು ಹೆಚ್ಚಾಗಿ ಕೆನಡಾದ ಹುಡುಗರಿಗೇ ಕೊಡುತ್ತಾರೆ. ಹೊರಗಿನವನು ಆ ಜಾಗ ಹಿಡಿಯಬೇಕಾದರೆ ಅವರಿಗಿಂತ ಎರಡು ಪಟ್ಟು ಚೆನ್ನಾಗಿ ಆಡಬೇಕು. ಬಾಗಿಲಿಗೆ ಅಂಟಿಸಿದ್ದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಅಮೆರಿಕನ್’ ಎಂದು ಬರೆದಿತ್ತು. ಅದನ್ನು ಎರಡು ಸಲ ಓದಿದೆ. ನ್ಯೂಜೆರ್ಸಿಯಲ್ಲಿ ನಾನು ಇಂಡಿಯನ್, ಮೈಸೂರಿನಲ್ಲಿ ‘ಅಮೆರಿಕದಿಂದ ಬಂದಿರೋ ಮೊಮ್ಮಗ’. ನನ್ನನ್ನು ಪೂರ್ತಿ ಅಮೆರಿಕದವನು ಎಂದು ಒಪ್ಪಿಕೊಂಡ ಮೊದಲ ದೇಶ ಕೆನಡಾ. ಹಾಗೆ ಒಪ್ಪಿಕೊಂಡು ಮೂರನೆಯ ವಾರಕ್ಕೆ ಮನೆಗೆ ಕಳಿಸಿತು.

ವೆಸ್ಟ್ ವಿಂಡ್ಸರ್‌ಗೆ ಅಪ್ಪ ಅಮ್ಮನ ಬಳಿ ಮರಳಲು ಮುಖವಿರಲಿಲ್ಲ. ಅಲ್ಲಿ ನನ್ನ ವಾರಗೆಯ ಹುಡುಗರೆಲ್ಲ ಬೆಳಗಿನ ರೈಲು ಹಿಡಿದು ನ್ಯೂಯಾರ್ಕಿಗೆ ಕಮ್ಯೂಟ್ ಮಾಡಲು ಶುರುಮಾಡಿದ್ದರು. ಹಾಗಾಗಿ ನ್ಯೂಯಾರ್ಕಿನ ಬೆಲ್‌ರೋಸ್‌ನಲ್ಲಿದ್ದ ಸೋದರಮಾವನ ಮನೆ ಸೇರಿದೆ. ಮಾವ ಹಿಲ್‌ಸೈಡ್ ಅವೆನ್ಯೂದ ಇಂಡಿಯನ್ ಅಂಗಡಿಯೊಂದರ ಮ್ಯಾನೇಜರ್. ಆ ಬೇಸಿಗೆಯೆಲ್ಲ ನಾನು ಲಾರಿಯಿಂದ ಅಕ್ಕಿ, ಗೋಧಿಹಿಟ್ಟಿನ ಮೂಟೆ ಇಳಿಸಿದೆ. ಅಂಗಡಿಗೆ ಬರುವ ಆಂಟಿಯರು ಮೇಲಿನ ಅಟ್ಟಣಿಗೆಯ ಉಪ್ಪಿನಕಾಯಿ ಬಾಟಲಿ ಬೇಕಾದಾಗ ಏಣಿ ಕೇಳುವುದನ್ನು ನಿಲ್ಲಿಸಿ ನನ್ನನ್ನೇ ಕೇಳತೊಡಗಿದರು. ಅಲ್ಲಿ ಒಂದು ವಿದ್ಯೆ ಕಲಿತೆ. ಮೂಟೆಯನ್ನು ತೋಳಿನಿಂದ ಎತ್ತಿದರೆ ಹತ್ತು ಮೂಟೆಗೆ ಸುಸ್ತು, ಸೊಂಟದಿಂದ ಎತ್ತಿದರೆ ಸಂಜೆಯವರೆಗೂ ಎತ್ತಬಹುದು. ಶಿಬಿರದಲ್ಲಿ ಮೂರು ಜನ ಕೋಚುಗಳು ಹೇಳಿದ್ದೂ ಇದನ್ನೇ. ಅಕ್ಕಿ ಹೇಳಿದ ಮೇಲೆ ಅರ್ಥವಾಯಿತು.

ಆಗಸ್ಟಿನಲ್ಲಿ ಒಂದು ದಿನ ಹೆಗಲ ಮೇಲೆ ಮೂಟೆ ಇದ್ದಾಗಲೇ ಫೋನ್ ಬಂತು. ಎಡತುದಿಯವನ ಪಾದದ ಮೂಳೆ ಮುರಿದಿದೆ, ನಾಳೆ ಬರುತ್ತೀಯಾ ಎಂದು ಕೆನಡಾದ ಕೋಚ್ ಕೇಳಿದ. ಹೂಂ ಅಂದು ಫೋನಿಟ್ಟು ಮಾವನಿಗೆ ಕೂಗಿ ಹೇಳಿದೆ.

"ಮಾವ, ಕೆನಡಾದವರು ಕರೀತಿದ್ದಾರೆ! ನಾನು ಹೊರಟೆ!"

ಮಾವ ಕಣ್ಣು ಒರೆಸಿಕೊಂಡರು. ಸಂತೋಷಕ್ಕೋ ಈರುಳ್ಳಿ ಮೂಟೆಯ ಪಕ್ಕ ನಿಂತಿದ್ದಕ್ಕೋ ಗೊತ್ತಿಲ್ಲ. "ಹೋಗಿ ಬಾರೋ ಕಂದಾ" ಅಂದರು. "ಆ ಅಕ್ಕಿ ಒಳಗಿಟ್ಟು ಹೋಗು."

ಹಾಗೆ ಹೋದವನು ಏಳು ವರ್ಷ ಉಳಿದೆ. ನನ್ನ ಹೆಸರು ಶ್ರೀಕಂಠ. ಅದು ಅಲ್ಲಿ ‘ಶ್ರೀ’ ಆಯಿತು, ‘ಶ್ರೀ’ ಯಾರ ನಾಲಿಗೆಗೂ ಹೊರಳದೆ ‘ಟ್ರೀ’ ಆಯಿತು. ಫೋನಿನಲ್ಲಿ ಕೇಳಿ ಅಮ್ಮನಿಗೆ ಬೇಜಾರಾಯಿತು. "ಮರ ಅಂತಾರೇನೋ ನಿನ್ನ?" ಅಂದಳು. ಅಪ್ಪ ಪಕ್ಕದಿಂದ, "ಆಡೋ ಜಾಗಕ್ಕೆ ಸರಿಯಾಗಿದೆ ಬಿಡು" ಅಂದದ್ದು ಕೇಳಿಸಿತು.

ಅಪ್ಪ ಆಟವನ್ನು ವಿರೋಧಿಸುತ್ತಿದ್ದವರು ಒಂದು ದಿನ ಇದ್ದಕ್ಕಿದ್ದಂತೆ ಅದರ ಪಕ್ಷ ಸೇರಿದರು. ಎರಡನೆಯ ವರ್ಷದಲ್ಲಿ ಒಂದು ಪಂದ್ಯ ಮುಗಿಸಿ ನಾನು ಫೋನಿನಲ್ಲಿ ಗೊಣಗುತ್ತಿದ್ದೆ. "ಅಪ್ಪ, ಚೆಂಡು ಹಿಡಿದವನ ಹೆಸರು ಮೈಕಿನಲ್ಲಿ ಕೂಗ್ತಾರೆ. ಓಡಿದವನ ಹೆಸರು ಕೂಗ್ತಾರೆ. ನನ್ನನ್ನ ಕೂಗೋದು ನಾನು ಯಾರನ್ನಾದರೂ ಹಿಡ್ಕೊಂಡು ಸಿಕ್ಕಿಬಿದ್ದಾಗ ಮಾತ್ರ. ‘ಹೋಲ್ಡಿಂಗ್, ನಂಬರ್ ಅರವತ್ತೇಳು.’ ಅಷ್ಟೆ."

"ಇಪ್ಪತ್ತು ವರ್ಷದಿಂದ ಕೋಟ್ಯಂತರ ಮಾತ್ರೆ ಪಾಸ್ ಮಾಡಿದ್ದೀನಿ" ಅಂದರು ಅಪ್ಪ. "ಒಬ್ಬರಾದರೂ ನನ್ನ ಕರೆದು, ನಿನ್ನೆ ತಲೆನೋವು ಹೋಯ್ತು ಅಂದಿದ್ದಾರಾ? ಬ್ಯಾಚ್ ಫೇಲಾದ ದಿನ ಮಾತ್ರ ಮೀಟಿಂಗಲ್ಲಿ ನನ್ನ ಹೆಸರು ಬರೋದು. ನೀನು ಮಾಡ್ತಿರೋದು ನನ್ನ ಕೆಲಸಾನೇ ಕಣೋ."

ಅಂದಿನಿಂದ ಅಪ್ಪ ಟಿವಿಯಲ್ಲಿ ಪಂದ್ಯ ನೋಡತೊಡಗಿದರು. ಚೆಂಡು ಎತ್ತ ಹೋದರೂ ಅವರ ಕಣ್ಣು ಎಡತುದಿಯಲ್ಲೇ ಇರುತ್ತಿತ್ತಂತೆ. ಯಾರು ಗೆದ್ದರು ಎಂದು ಅಮ್ಮ ಕೇಳಿದರೆ ಎಷ್ಟೋ ಸಲ ಅವರಿಗೆ ಗೊತ್ತಿರುತ್ತಿರಲಿಲ್ಲ.

ನಾಲ್ಕನೆಯ ವರ್ಷ ಇಬ್ಬರೂ ಮೊದಲ ಸಲ ಕೆನಡಾಕ್ಕೆ ಬಂದರು. ಪಂದ್ಯದ ಹಿಂದಿನ ದಿನ ಆಟಗಾರರ ಮನೆಯವರಿಗೆಲ್ಲ ಊಟವಿತ್ತು. ಅಮ್ಮ ರೇಷ್ಮೆ ಸೀರೆ ಉಟ್ಟು, ಎಂದಿನಂತೆ ಭುಜ ಮುದುಡಿಕೊಂಡು ಒಳಗೆ ಬಂದಳು. ನಮ್ಮ ಸಾಲಿನ ಉಳಿದ ನಾಲ್ವರು ಎದ್ದು ನಿಂತು ಕೈಕುಲುಕಲು ಬಂದರು. ಅವರಲ್ಲಿ ಅತಿ ಗಿಡ್ಡವನು ಆರಡಿ ಮೂರಿಂಚು. ಅವರ ಹೆಂಡಂದಿರು, ತಾಯಂದಿರಲ್ಲೂ ನಾಲ್ಕೈದು ಜನ ಅಮ್ಮನಿಗಿಂತ ಎತ್ತರ. ಅಮ್ಮ ಒಬ್ಬೊಬ್ಬರನ್ನೇ ಕತ್ತೆತ್ತಿ ನೋಡಿದಳು. ಊಟ ಮುಗಿಯುವ ಹೊತ್ತಿಗೆ ಅವಳ ಬೆನ್ನು ನೆಟ್ಟಗಾಗಿತ್ತು, ಅವಳಿಗೇ ಗೊತ್ತಿರಲಿಲ್ಲ. ಅಪ್ಪ ನನ್ನ ಕಿವಿಯಲ್ಲಿ, "ನಿಮ್ಮಮ್ಮ ಇಷ್ಟು ಚೆನ್ನಾಗಿದ್ದಾಳೆ ಅಂತ ನನಗೆ ಮೂವತ್ತು ವರ್ಷದಿಂದ ಯಾರೂ ಹೇಳೇ ಇಲ್ಲ" ಅಂದರು.

ಮರುದಿನದ ಪಂದ್ಯದಲ್ಲಿ ನನ್ನ ಎದುರು ಕಾರ್ಲ್‌ಟನ್ ಎಂಬವನು ನಿಂತಿದ್ದ. ನನಗಿಂತ ಐವತ್ತು ಪೌಂಡ್ ಹಗುರ, ನನ್ನ ಎರಡರಷ್ಟು ವೇಗ. ವರ್ಷಕ್ಕೆ ಎರಡು ಮೂರು ಸಲ ನಮ್ಮಿಬ್ಬರ ಭೇಟಿ, ಅಲ್ಲಿಯವರೆಗೆ ಸರಿಸಮವಾಗಿಯೇ ನಡೆದಿತ್ತು. ನಮ್ಮ ಕ್ವಾರ್ಟರ್‌ಬ್ಯಾಕ್ ಡ್ಯಾನಿ, ಸದಾ ನಗುವ ಹುಡುಗ. ನನ್ನ ಹಿಂದೆ ನಿಂತಾಗ ಒಮ್ಮೆಯೂ ಬೆನ್ನ ಕಡೆ ತಿರುಗಿ ನೋಡುತ್ತಿರಲಿಲ್ಲ.

ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದರಲ್ಲಿ ಅದು ನಡೆಯಿತು. ಕಾರ್ಲ್‌ಟನ್ ಹೊರಗಿನಿಂದ ಬಂದ. ನಾನು ಕಾದು ನಿಲ್ಲಬೇಕಿತ್ತು. ನಿಲ್ಲದೆ ಅವನ ಮೇಲೆ ಎರಗಿದೆ. ಅವನು ಬುಗುರಿಯಂತೆ ಒಳಕ್ಕೆ ತಿರುಗಿದ, ನನ್ನ ಕೈಗೆ ಗಾಳಿ ಸಿಕ್ಕಿತು. ಮುಗ್ಗರಿಸಿ ಬಿದ್ದವನಿಗೆ ಹಿಂದಿನಿಂದ ಸದ್ದು ಕೇಳಿಸಿತು. ತಿರುಗಿದಾಗ ಡ್ಯಾನಿ ಹುಲ್ಲಿನ ಮೇಲೆ ಭುಜ ಹಿಡಿದುಕೊಂಡು ಮಲಗಿದ್ದ. ಕಾರ್ಲ್‌ಟನ್ ಅವನ ಪಕ್ಕ ಮಂಡಿಯೂರಿ ಡಾಕ್ಟರನ್ನು ಕೂಗುತ್ತಿದ್ದ. ಡ್ಯಾನಿಯ ಕೊರಳೆಲುಬು ಮುರಿದಿತ್ತು. ಆ ವರ್ಷ ಅವನು ಮತ್ತೆ ಆಡಲಿಲ್ಲ. ಮುಂದಿನ ವಾರದಿಂದ ನನ್ನನ್ನೂ ಬೆಂಚಿನ ಮೇಲೆ ಕೂರಿಸಿದರು.

ಪಂದ್ಯದ ಮರುದಿನ ಬೆಳಿಗ್ಗೆ ನನ್ನ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಅಮ್ಮ ಉಪ್ಪಿಟ್ಟು ಕೆದಕುತ್ತಿದ್ದಳು. ಅಪ್ಪ ಕನ್ನಡಕ ಹಾಕಿಕೊಂಡು, ವಿಮಾನದ ಟಿಕೆಟ್ಟಿನ ಪ್ರಿಂಟ್‌ಔಟ್ ತಿರುಗಿಸಿಟ್ಟು ಪೆನ್ನು ತೆಗೆದರು.

"ಹೇಳು. ಏನಾಯ್ತು?"

"ಅಪ್ಪ, ಪ್ಲೀಸ್. ನಾಟ್ ನೌ."

"ಬ್ಯಾಚ್ ಫೇಲಾದ್ರೆ ನಾವು ಮೊದಲು ಏನಾಯ್ತು ಅಂತ ಬರೀತೀವಿ. ಬೈಯೋದು ಆಮೇಲೆ. ಎಡಗಾಲು ಎಲ್ಲಿತ್ತು?"

ಹೇಳಿದೆ. ಬಲಗಾಲು ಎಲ್ಲಿತ್ತು, ಭಾರ ಯಾವ ಕಾಲಿನ ಮೇಲಿತ್ತು, ಅವನು ತಿರುಗುವಾಗ ನನ್ನ ಕೈ ಎಲ್ಲಿತ್ತು, ಎಲ್ಲ ಕೇಳಿ ಬರೆದುಕೊಂಡರು. ಆಮೇಲೆ ಅಮ್ಮನ ಕಡೆ ತಿರುಗಿ, "ಲೇ, ನೀನು ಸ್ವಲ್ಪ ಆ ಕಾರ್ಲ್‌ಟನ್ ಆಗು" ಅಂದರು. ಅಮ್ಮ ಒಲೆ ಆರಿಸಿ ಸೌಟು ಹಿಡಿದುಕೊಂಡೇ ಬಂದಳು. "ಯಾವ ಕಡೆ ತಿರುಗ್ಲಿ ರೀ?" ಎಂದು ಕೇಳಿ, ಸೆರಗು ಸಿಕ್ಕಿಸಿಕೊಂಡು, ನನ್ನ ಎದುರಿಗೆ ಬಂದು ಗರ್ರನೆ ಒಳಕ್ಕೆ ತಿರುಗಿದಳು. ನಾನು ಕದಲದೆ ನಿಂತಿದ್ದೆ. ಅಮ್ಮ ನೇರವಾಗಿ ನನ್ನ ಎದೆಗೆ ಬಂದು ಡಿಕ್ಕಿ ಹೊಡೆದಳು.

ಅಪ್ಪ ಪೆನ್ನು ಕೆಳಗಿಟ್ಟರು. "ಸುಮ್ಮನೆ ನಿಂತಿದ್ರೆ ಅವನು ಪಾಸಾಗ್ತಿರಲಿಲ್ಲ. ಇದು ನಿನಗೆ ಗೊತ್ತಿಲ್ಲದ್ದಲ್ಲ. ಮತ್ತೆ ಯಾಕೆ ಮುಂದೆ ಹೋದೆ?"

ನನಗೆ ಉತ್ತರ ಗೊತ್ತಿತ್ತು. ರಾತ್ರಿಯಿಡೀ ಗೊತ್ತಿತ್ತು. "ಅವನನ್ನ ಕೆಡವಬೇಕು ಅಂತ ಆಸೆಯಾಯ್ತು" ಅಂದೆ. "ಎಲ್ಲರಿಗೂ ಕಾಣೋ ಹಾಗೆ ಒಂದು ಸಲ. ನೀವು ನೋಡ್ತಿದ್ರಲ್ಲ ಅಪ್ಪ, ಅದಕ್ಕೆ."

ಅಪ್ಪ ಮತ್ತೆ ಪೆನ್ನು ಎತ್ತಿಕೊಂಡರು. ‘ಕಾರಣ’ ಎಂದು ಹಾಕಿ, ಅದರ ಮುಂದೆ ತಮ್ಮ ಗುಂಡನೆಯ ಇಂಗ್ಲಿಷ್ ಅಕ್ಷರಗಳಲ್ಲಿ ‘ತಂದೆ ಹಾಜರಿದ್ದರು’ ಎಂದು ಬರೆದರು. ಅದರ ಕೆಳಗೆ ‘ಸರಿಪಡಿಸುವ ಕ್ರಮ’ ಎಂದು ಬರೆದು ನನ್ನ ಮುಖ ನೋಡಿದರು.

"ಇಲ್ಲಿ ಏನ್ ಬರೀಲಿ? ನಾವು ಬರೋದು ನಿಲ್ಲಿಸೋದಾ?"

"ಬೇಡ ಅಪ್ಪ" ಅಂದೆ. "ಪ್ರತಿ ಸಲ ಬನ್ನಿ. ನನಗೆ ಅಭ್ಯಾಸ ಆಗ್ಬೇಕು." ಅಪ್ಪ ಅದನ್ನೇ ಬರೆದು, ಕೆಳಗೆ ಸಹಿ ಹಾಕಿ, ನನ್ನಿಂದಲೂ ಸಹಿ ಹಾಕಿಸಿದರು. ಅಮ್ಮ ಉಪ್ಪಿಟ್ಟು ಬಡಿಸಿದಳು, ತಳ ಹಿಡಿದಿತ್ತು. ಮೂವರೂ ಪೂರ್ತಿ ತಿಂದೆವು.

ಅಂದು ಮಧ್ಯಾಹ್ನ ಡ್ಯಾನಿಯ ಮನೆಗೆ ಹೋದೆ. ಅವನು ಕೈಗೆ ಜೋಲಿ ಕಟ್ಟಿಕೊಂಡು ಸೋಫಾದ ಮೇಲೆ ಕೂತಿದ್ದ. ಅಪ್ಪನಿಗೆ ಹೇಳಿದ್ದನ್ನೇ ಅವನಿಗೂ ಹೇಳಿದೆ. ಜಾರಿಬಿದ್ದೆ ಎಂದು ಸುಳ್ಳು ಹೇಳಬಹುದಿತ್ತು. ಹುಲ್ಲು ಒದ್ದೆಯಿತ್ತು, ಅವನು ನಂಬುತ್ತಿದ್ದ.

"ನಿನ್ನ ಅಪ್ಪ ಅಮ್ಮ ಬಂದಿದ್ರು ಅಂತ ಹೀಗಾಯ್ತಾ?" ಎಂದು ಕೇಳಿದ.

"ಹೌದು. ತಪ್ಪು ನನ್ನದೇ."

"ನಮ್ಮಮ್ಮ ಮೊದಲ ಸಲ ಆಟ ನೋಡೋಕೆ ಬಂದ ದಿನ ನಾನು ಮೂರು ಸಲ ಚೆಂಡನ್ನ ಎದುರು ತಂಡದವರ ಕೈಗೇ ಎಸೆದಿದ್ದೆ" ಅಂದು ಡ್ಯಾನಿ ನಗಲು ಹೋಗಿ ಭುಜ ಹಿಡಿದುಕೊಂಡು ನರಳಿದ. "ನಗಿಸಬೇಡ ಟ್ರೀ. ಮುಂದಿನ ವರ್ಷ ಎಡಗಡೆ ಇರ್ತೀಯ ತಾನೆ?"

ಅದನ್ನು ನಿರ್ಧರಿಸುವವನು ಕೋಚ್. ಆ ಜಾಗಕ್ಕೆ ಆಗಲೇ ಕೆನಡಾದ ಒಬ್ಬ ಗಟ್ಟಿ ಹುಡುಗನನ್ನು ನೋಡಿಟ್ಟಿದ್ದರು. ನಾನು ಆ ಚಳಿಗಾಲವನ್ನು ವೆಸ್ಟ್ ವಿಂಡ್ಸರ್‌ನ ಮನೆಯ ಬೇಸ್‌ಮೆಂಟಿನಲ್ಲಿ ಕಳೆದೆ. ಪ್ರತಿದಿನ ಸಂಜೆ ಅಪ್ಪ ಕೆಲಸದಿಂದ ಬಂದು, ಸ್ವೆಟರಿನ ಮೇಲೆ ಮಂಕಿ ಕ್ಯಾಪ್ ಹಾಕಿಕೊಂಡು ಕೆಳಗಿಳಿಯುತ್ತಿದ್ದರು. ಅವರು ಕಾರ್ಲ್‌ಟನ್. ಎಡಕ್ಕೋ ಬಲಕ್ಕೋ ಇದ್ದಕ್ಕಿದ್ದಂತೆ ನುಗ್ಗುತ್ತಿದ್ದರು. ನಾನು ಅವರನ್ನು ಮುಟ್ಟದೆ, ಮುಂದಕ್ಕೂ ಬೀಳದೆ, ಬರೀ ಅವರ ಎದುರಿಗೇ ಇರಬೇಕು. ಅರವತ್ತು ದಾಟಿದ ನನ್ನ ಅಪ್ಪ ಎಂಥ ಮೋಸಗಾರರೆಂದು ನನಗೆ ಆಗ ತಿಳಿಯಿತು. ಶೂ ಲೇಸ್ ಬಿಚ್ಚಿದೆ ಎಂದು ಬಗ್ಗಿ ಹಾಗೇ ನುಸುಳುತ್ತಿದ್ದರು. "ಲೇ, ಫೋನು" ಎಂದು ಮೇಲೆ ನೋಡಿ, ನಾನೂ ಅತ್ತ ನೋಡುವಷ್ಟರಲ್ಲಿ ದಾಟುತ್ತಿದ್ದರು. ಮಾರ್ಚಿನ ಒಂದು ಸಂಜೆ ಅವರಿಗೆ ಒಂದು ಸಲವೂ ದಾಟಲಾಗಲಿಲ್ಲ. ಆ ದಿನ ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕೂತು, "ಪಾಸು" ಅಂದರು.

ಶಿಬಿರದಲ್ಲಿ ಆ ಗಟ್ಟಿ ಹುಡುಗ ನಿಜಕ್ಕೂ ಗಟ್ಟಿಯಿದ್ದ. ನಾನು ಅವನಿಗಿಂತ ಶಾಂತವಾಗಿದ್ದೆ. ನುಗ್ಗುವವರನ್ನೆಲ್ಲ ಒಬ್ಬೊಬ್ಬರನ್ನಾಗಿ ನನ್ನ ಮೇಲೆ ಬಿಟ್ಟು ಕೋಚ್ ನೋಡಿದ. ಎರಡು ವಾರ ಹಾಗೆ ನೋಡಿ, ಹುಡುಗನನ್ನು ಬಲಕ್ಕೆ ಕಳಿಸಿ ನನ್ನನ್ನು ಎಡಕ್ಕೆ ನಿಲ್ಲಿಸಿದ. ಡ್ಯಾನಿ ಬಂದು ನನ್ನ ಹೆಲ್ಮೆಟ್ಟಿನ ಮೇಲೆ ಒಂದು ಗುದ್ದು ಕೊಟ್ಟು ತನ್ನ ಜಾಗಕ್ಕೆ ಹೋದ.

ಕಾರ್ಲ್‌ಟನ್‌ನ ತಂಡ ಜುಲೈಯಲ್ಲಿ ನಮ್ಮೂರಿಗೆ ಬಂತು. ಅಪ್ಪ ಅಮ್ಮ ಕ್ರೀಡಾಂಗಣದ ನಲವತ್ತನೆಯ ಸಾಲಿನಲ್ಲಿ ಕೂತಿದ್ದರು. ಅವರು ಎಲ್ಲಿದ್ದಾರೆಂದು ಮೊದಲೇ ನೋಡಿಕೊಂಡು, ಕೈಬೀಸಿ, ಆಮೇಲೆ ಹೆಲ್ಮೆಟ್ ಹಾಕಿಕೊಂಡೆ. ಅದೇ ಮೂರನೆಯ ಭಾಗ, ಅದೇ ಗಿರಕಿ. ಅವನು ಹೊರಗಿನಿಂದ ಬಂದು ಒಳಕ್ಕೆ ಸುತ್ತಿದ. ನಾನು ನಿಂತೇ ಇದ್ದೆ. ಅವನು ಇಡೀ ಭಾರದೊಂದಿಗೆ ನನ್ನ ಎದೆಗೆ ಬಂದು ಬಡಿದ. ನನ್ನ ಕಿರುಬೆರಳು ಅವನ ಜರ್ಸಿಯ ಕುತ್ತಿಗೆಗೆ ಸಿಕ್ಕಿಕೊಂಡಿತು. ಅವನು ಎಡಕ್ಕೆ ಹೋದ, ಬೆರಳು ಬಲಕ್ಕೆ ಹೋಯಿತು. ರೆಫ್ರಿ ನೋಡಿದ್ದರೆ ಹೋಲ್ಡಿಂಗ್. ನೋಡಲಿಲ್ಲ. ಹಿಂದಿನಿಂದ ಡ್ಯಾನಿ ನಿರಾಳವಾಗಿ ಎಸೆದ ಚೆಂಡು ನನ್ನ ತಲೆಯ ಮೇಲೆ ಸುಂಯ್ ಎಂದು ಹೋದದ್ದು ಕೇಳಿಸಿತು, ಸ್ವಲ್ಪ ಹೊತ್ತಿಗೆ ಜನರ ಕೂಗು.

ಆಂಟಿ, ಬೆರಳಿನ ಕಥೆ ಇದು. ಡಾಕ್ಟರು ಅದನ್ನು ಪಕ್ಕದ ಬೆರಳಿಗೆ ಟೇಪು ಸುತ್ತಿ ಕಳಿಸಿದರು. ಪಂದ್ಯಗಳೆಲ್ಲ ಮುಗಿದ ಮೇಲೆ ಸರಿಮಾಡೋಣ ಅಂದಿದ್ದರು. ಪಂದ್ಯಗಳು ಇನ್ನೂ ಎರಡು ವರ್ಷ ಮುಗಿಯಲಿಲ್ಲ.

ಆ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಚೆನ್ನಾಗಿ ನಡೆದ ವರ್ಷಗಳಲ್ಲಿ ಹೇಳುವಂಥದ್ದು ಕಡಿಮೆ. ಗುರುವಾರಗಳಂದು ನಮ್ಮ ಸಾಲಿನ ಐವರೂ ನನ್ನ ಮನೆಯಲ್ಲಿ ಊಟ ಮಾಡುತ್ತಿದ್ದೆವು. ಹಂಡೆಯಂಥ ಪಾತ್ರೆಯಲ್ಲಿ ಬಿಸಿಬೇಳೆಭಾತ್ ಮಾಡುತ್ತಿದ್ದೆ, ಪಾತ್ರೆ ತೊಳೆಯುವಾಗ ತಳದಲ್ಲಿ ಒಂದು ಅಗುಳೂ ಉಳಿದಿರುತ್ತಿರಲಿಲ್ಲ. ಅಪ್ಪ ಅಮ್ಮ ನಮ್ಮೂರಿನ ಪಂದ್ಯಗಳಿಗೆ ರಜೆ ಹಾಕಿ ಬರುತ್ತಿದ್ದರು. ಕಾರ್ಲ್‌ಟನ್ ನನ್ನನ್ನು ದಾಟಿದ ದಿನಗಳೂ ಇದ್ದವು, ಡ್ಯಾನಿ ನೆಲಕ್ಕೆ ಬಿದ್ದ ದಿನಗಳೂ ಇದ್ದವು. ಪ್ರತಿ ಸಲವೂ ಏನಾಯಿತೆಂದು ನನಗೆ ಸರಿಯಾಗಿ ಗೊತ್ತಿರುತ್ತಿತ್ತು, ಮುಂದಿನ ಸಲ ಅದು ಆಗುತ್ತಿರಲಿಲ್ಲ.

ಏಳನೆಯ ವರ್ಷದಲ್ಲಿ ಬಲಮಂಡಿ ಬೆಳಿಗ್ಗೆ ಹೊತ್ತು ಮಡಚುವುದನ್ನು ನಿಲ್ಲಿಸಿತು. ಶೂ ಹಾಕಿಕೊಳ್ಳಲು ಮಂಚದ ಅಂಚಿನಲ್ಲಿ ಕೂತು ಹತ್ತು ನಿಮಿಷ ಯೋಚಿಸಬೇಕಾಗುತ್ತಿತ್ತು. ಯಾರೂ ತೆಗೆದುಹಾಕುವ ಮೊದಲು ನಾನೇ ಕೋಚ್ ಬಳಿ ಹೋಗಿ, ಇದೇ ಕೊನೆಯ ವರ್ಷ ಅಂದೆ. ಅವನು ಎದ್ದು ಬಂದು ಕೈಕುಲುಕಿದ. ಈ ವೃತ್ತಿಯಲ್ಲಿ ಹೀಗೆ ಸ್ವಂತ ಕಾಲಿನ ಮೇಲೆ ಹೊರಗೆ ನಡೆಯುವ ಅದೃಷ್ಟ ಎಲ್ಲರಿಗೂ ಸಿಗುವುದಿಲ್ಲ. ಆ ಕಾಲು ಕುಂಟುತ್ತಿತ್ತು ಎನ್ನುವುದು ಬೇರೆ ಮಾತು.

ಕೊನೆಯ ಪಂದ್ಯ ನವೆಂಬರಿನಲ್ಲಿ, ಹಿಮ ಉದುರುವ ಮಧ್ಯಾಹ್ನ, ಕಾರ್ಲ್‌ಟನ್‌ನ ತಂಡದ ಎದುರಿಗೆ. ಇನ್ನು ಕೆಲವು ಸೆಕೆಂಡು ಉಳಿದಿದ್ದಾಗ ನಾವು ಮುಂದಿದ್ದೆವು, ಚೆಂಡೂ ನಮ್ಮ ಬಳಿಯೇ ಇತ್ತು. ಅಂಥ ಹೊತ್ತಿನಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡು ತೆಗೆದುಕೊಂಡು ಸುಮ್ಮನೆ ಒಂದು ಮಂಡಿಯೂರುತ್ತಾನೆ, ಆಟ ಅಲ್ಲಿಗೆ ಮುಗಿಯುತ್ತದೆ. ಯಾರೂ ಯಾರನ್ನೂ ತಳ್ಳುವುದಿಲ್ಲ, ಆದರೂ ಸಾಲಾಗಿ ನಿಲ್ಲಬೇಕು. ನಾನು ಎಡತುದಿಯಲ್ಲಿ ನಿಂತೆ. ಕಾರ್ಲ್‌ಟನ್ ಒಂದು ಗಜ ದೂರದಲ್ಲಿ ಬಂದು ನಿಂತ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಮಾತಾಡಿದ್ದು ಬೈಗುಳ ಬಿಟ್ಟರೆ ಕಡಿಮೆಯೇ.

ಡ್ಯಾನಿ ಹಿಂದೆ ಕೂಗಿದ, ಚೆಂಡು ತೆಗೆದುಕೊಂಡ, ಮಂಡಿಯೂರಿದ. ಕಾರ್ಲ್‌ಟನ್ ಆ ಒಂದು ಗಜವನ್ನು ನಿಧಾನವಾಗಿ ನಡೆದುಕೊಂಡು ಬಂದು ಎರಡೂ ಕೈಗಳನ್ನು ನನ್ನ ಭುಜದ ಮೇಲಿಟ್ಟ. ನಾನೂ ನನ್ನ ಕೈಗಳನ್ನು ಅವನ ಭುಜದ ಮೇಲಿಟ್ಟೆ.

"ಇದೇ ಕೊನೆಯದಂತೆ? ನಾಳೆಯಿಂದ ಏನ್ ಮಾಡ್ತೀಯ?" ಎಂದು ಕೇಳಿದ.

"ಲೆಕ್ಕದ ಮೇಷ್ಟ್ರು."

"ನನಗೆ ಲೆಕ್ಕ ಬರ್ತಾನೇ ಇರಲಿಲ್ಲ. ಮಂಡಿ ಹೇಗಿದೆ?"

"ಹೋಗಿದೆ. ನಿನ್ನದು?"

"ನನ್ನವು ಎರಡೂ ಹೋಗಿವೆ."

ಶಿಳ್ಳೆ ಊದಿದರು. ಸುತ್ತ ಎಲ್ಲರೂ ಹೆಲ್ಮೆಟ್ ತೆಗೆದು ಓಡಾಡತೊಡಗಿದರು. ನಾವಿಬ್ಬರು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆವು, ನನ್ನ ಭಾರ ಅವನ ಮೇಲೆ, ಅವನ ಭಾರ ನನ್ನ ಮೇಲೆ. ಮೊದಲು ಕೈ ತೆಗೆಯುವ ಧೈರ್ಯ ಇಬ್ಬರಿಗೂ ಇರಲಿಲ್ಲ. ತೆಗೆದಿದ್ದರೆ ನಮ್ಮಿಬ್ಬರಲ್ಲಿ ಒಬ್ಬ ಖಂಡಿತ ಬೀಳುತ್ತಿದ್ದ.